ಖಾನಾಪುರದಲ್ಲಿ ಮಾತ್ರ ಹತ್ತುವ ದೀಪ

ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಹಲ್ಲುನೋವು ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾರುಗಳಿಗೂ ಆ ಬುದ್ಧಿ ಇದೆ ಎಂದು ನನಗೆ ತಿಳಿದದ್ದು ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಮಳೆಗಾಲದಲ್ಲಿ. ಬೆಳಗಾವಿಯ ಕ್ಯಾಂಪಿನ ಅಂಚಿನಲ್ಲಿದ್ದ ನಮ್ಮ ವರ್ಕ್‌ಶಾಪಿನ ಗೇಟಿನೊಳಗೆ ಅಂದು ಬೆಳಿಗ್ಗೆ ಒಂದು ಬಿಳಿ ಕಾರು ಬಂದು ನಿಂತಿತು. ಓಡಿಸಿಕೊಂಡು ಬಂದವರು ಖಾನಾಪುರದ ಡಾಕ್ಟರಬಾಯಿ. ಪಕ್ಕದ ಸೀಟಿನಲ್ಲಿ ಖಾಕಿ ಅಂಗಿ ತೊಟ್ಟು, ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಬೀಗರ ಮನೆಗೆ ಬಂದವರಂತೆ ಸೆಟೆದು ಕೂತಿದ್ದವರು ಅದೇ ಊರಿನ ಗ್ಯಾರೇಜಿನ ಹಿರಿಯ ಮಿಸ್ತ್ರಿ.

“ಖಾನಾಪುರದಾಗ ಇಂಜಿನ್ ದೀಪ ಹತ್ತಿತ್ತು, ಗಾಡಿ ಗಡಗಡ ನಡಗತಿತ್ತು. ದೇಸೂರ ದಾಟೂದ್ರಾಗ ದೀಪ ಆರಿತು ನೋಡ್ರಿ,” ಎಂದರು ಡಾಕ್ಟರಬಾಯಿ. “ನಾಕ ದಿನಾ ಆತು, ದಿನಾ ಮುಂಜಾನೆ ಹಿಂಗ. ಮಧ್ಯಾಹ್ನ ನೋಡಿದ್ರ ಏನೂ ಆಗೇ ಇಲ್ಲ ಅನ್ನೂಹಂಗ ಓಡತೈತಿ.”

ಆಗ ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಕಾರುಗಳು ಹೊಸದಾಗಿ ಬರತೊಡಗಿದ್ದವು. ಇಂಜಿನ್ನಿನ ಮೈಮೇಲೆ ಅಲ್ಲಲ್ಲಿ ಸೆನ್ಸರುಗಳು. ಅವು ಕಳಿಸುವ ಸುದ್ದಿ ಕಂಪ್ಯೂಟರಿಗೆ ಒಪ್ಪಿಗೆಯಾಗದಿದ್ದರೆ ಡ್ರೈವರಿನ ಮುಂದೆ ಹಳದಿ ದೀಪ ಹತ್ತುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಆ ದೀಪದ ಭಾಷೆ ಕಲಿತವನು ನಾನೊಬ್ಬನೇ. ಪುಣೆಯಲ್ಲಿ ಒಂದು ವಾರದ ತರಬೇತಿ ಮುಗಿಸಿ ಬಂದಿದ್ದೆ. ಅಲ್ಲಿ ಕೊಟ್ಟ ಪ್ರಮಾಣಪತ್ರದ ಕಾಗದಕ್ಕೆ ಕಟ್ಟು ಹಾಕಿಸಿ ಮಹಾಂತೇಶ ನಗರದ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋದ ಪಕ್ಕ ತೂಗುಹಾಕಿದ್ದೆ. ಅರ್ಧ ತುಂಬಿದ ಕೊಡ ತುಳುಕುತ್ತದೆ ಎನ್ನುತ್ತಾರಲ್ಲ, ನಾನಂತೂ ಆ ದಿನಗಳಲ್ಲಿ ನಡೆದಲ್ಲೆಲ್ಲ ಚೆಲ್ಲುತ್ತಿದ್ದೆ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಮಿಸ್ತ್ರಿಯವರೇ ಉತ್ತರ ಕೊಟ್ಟರು. “ಅಮಾಸಿ ದಿವಸ ನಾನ ಎಣ್ಣಿ ಬದಲಿ ಮಾಡೇನಿ. ಮರುದಿನ ಮುಂಜಾನಿಯಿಂದ ದೀಪ ಹತ್ತಾಕತ್ತೇತಿ.”

ಇಷ್ಟು ಕಿವಿಗೆ ಬಿದ್ದದ್ದೇ ತಡ, ನಮ್ಮ ಮಾಲಕರು ಕ್ಯಾಬಿನ್ನಿನಿಂದ ಹೊರಗೆ ಬಂದರು. “ಆತಲ್ಲ ಮತ್ತ! ಹೊರಗಿನವರ ಕೈ ಬಿದ್ದರ ಹಿಂಗ ಆಗೂದು. ಏ, ಜಾಬ್ ಕಾರ್ಡ್ ಮ್ಯಾಲೆ ಬರಿ: ಹೊರಗ ಎಣ್ಣಿ ಬದಲಿ ಮಾಡಿಸಿದ್ದಕ್ಕ ಇಂಜಿನ್ ತಕರಾರು.”

ಮಿಸ್ತ್ರಿ ಕಾರಿನಿಂದ ಇಳಿದು ನಿಂತರು. ಧ್ವನಿ ಏರಿಸಲಿಲ್ಲ. “ಬರೀರಿ, ಆದರ ನೋಡಿ ಬರೀರಿ. ನನ್ನ ಕೈಯಿಂದ ಕೆಟ್ಟಿದ್ರ, ಇನ್ನ ಮುಂದ ನಾ ಹೊಸಾ ಗಾಡಿ ಬಾನೆಟ್ ಎತ್ತೂದಿಲ್ಲ.”

ಅದು ಬರೀ ಬಾಯಿಮಾತಲ್ಲ ಎಂದು ನನಗೆ ಗೊತ್ತಾಯಿತು. ಖಾನಾಪುರದಲ್ಲಿ ಮೂವತ್ತು ವರ್ಷ ಜೀಪು, ಲಾರಿ, ಹಳೆಯ ಕಾರುಗಳ ಹೊಟ್ಟೆಯೊಳಗೆ ಕೈಯಾಡಿಸಿದವರು ಅವರು. ಈಗ ಊರಿಗೆ ಒಂದೊಂದಾಗಿ ಹೊಸ ಕಾರು ಬರುತ್ತಿದ್ದವು. ಧೈರ್ಯಮಾಡಿ ಮೊದಲು ಅವರ ಕೈಗೆ ಕೊಟ್ಟವರು ಡಾಕ್ಟರಬಾಯಿ. ಅದೇ ಕಾರು ಕೆಟ್ಟಿತೆಂದು ವರ್ಕ್‌ಶಾಪಿನ ಕಾಗದದ ಮೇಲೆ ಬಂದರೆ, ಸಣ್ಣ ಊರಿನಲ್ಲಿ ಸುದ್ದಿ ಸಂಜೆಯೊಳಗೆ ಪೇಟೆ ದಾಟುತ್ತದೆ. ಆಮೇಲೆ ಅವರ ಮುಂದೆ ಬಂದು ನಿಲ್ಲುವುದು ಗುಜರಿಗೆ ಹೊರಟ ಗಾಡಿಗಳು ಮಾತ್ರ.

ನಾನು ಬಾನೆಟ್ ಎತ್ತಿದೆ. ಬ್ಯಾಟರಿಯ ಮೇಲೆ ವಿಭೂತಿ, ಕುಂಕುಮ ಇತ್ತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಪೂಜೆ ಇದ್ದದ್ದೇ, ನಾನು ಅದರತ್ತ ಎರಡನೆಯ ಸಲ ನೋಡಲಿಲ್ಲ. ಎಣ್ಣೆಯಿಂದ ಶುರುಮಾಡಿದೆ. ಅಳತೆಕಡ್ಡಿಯಲ್ಲಿ ಎಣ್ಣೆ ಎರಡು ಗೆರೆಗಳ ನಡುವೆ ಎಲ್ಲಿರಬೇಕೋ ಅಲ್ಲೇ ಇತ್ತು. ಮುಚ್ಚಳ ಬಿಗಿ. ಫಿಲ್ಟರ್ ಅಸಲಿ. ಕೆಳಗೆ ನುಸುಳಿ ನೋಡಿದರೆ ಡ್ರೇನ್ ನಟ್ಟಿಗೆ ಹೊಸ ವಾಶರ್. ಒಂದು ಹನಿ ಸೋರಿಕೆ ಇಲ್ಲ. ಮೇಲೆದ್ದಾಗ ಮಿಸ್ತ್ರಿ ಚೀಲ ಬಿಚ್ಚಿ ಮುಂದೆ ಹಿಡಿದರು. ಅದರಲ್ಲಿ ಕಾರಿನ ಹಳೆಯ ಫಿಲ್ಟರ್, ಹಳೆಯ ವಾಶರ್, ಬಾಟಲಿಯಲ್ಲಿ ಒಂದಿಷ್ಟು ಹಳೆಯ ಎಣ್ಣೆ. ಮೂರಕ್ಕೂ ಚೀಟಿ ಅಂಟಿಸಿ ಗಾಡಿಯ ನಂಬರು, ತಾರೀಖು ಬರೆದಿದ್ದರು. ಅಷ್ಟು ಅಚ್ಚುಕಟ್ಟು ನಮ್ಮ ವರ್ಕ್‌ಶಾಪಿನ ಸ್ಟೋರಿನಲ್ಲೂ ಇರಲಿಲ್ಲ.

ಆಮೇಲೆ ನನ್ನ ಪುಣೆಯ ವಿದ್ಯೆ ಹೊರತೆಗೆದೆ. ಬಾನೆಟ್ಟಿನ ಕೆಳಗಿನ ಸಣ್ಣ ಪೆಟ್ಟಿಗೆಯ ಎರಡು ಕಿಂಡಿಗಳನ್ನು ತುಂಡು ತಂತಿಯಿಂದ ಜೋಡಿಸಿ ಚಾವಿ ತಿರುಗಿಸಿದರೆ, ಕಂಪ್ಯೂಟರ್ ತಾನು ನೆನಪಿಟ್ಟುಕೊಂಡ ದೂರನ್ನು ಅದೇ ಹಳದಿ ದೀಪ ಮಿನುಗಿಸಿ ಹೇಳುತ್ತದೆ. ದೀಪ ಎರಡು ಸಲ ಮಿನುಗಿತು. ಸ್ವಲ್ಪ ತಡೆದು ಮತ್ತೊಂದು ಸಲ. ಪುಸ್ತಕ ತೆರೆದು ನೋಡಿದೆ. ಆಕ್ಸಿಲರೇಟರ್ ಎಷ್ಟು ತುಳಿದಿದ್ದಾರೆಂದು ತಿಳಿಸುವ ಥ್ರಾಟಲ್ ಸೆನ್ಸರಿನಿಂದ ಬರಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಬರುತ್ತಿದೆ ಎಂದಿತ್ತು. ಕಾಲು ಇಟ್ಟಿಲ್ಲದಿದ್ದರೂ ಯಾರೋ ತುಳಿಯುತ್ತಿದ್ದಾರೆ ಎಂದು ಕಂಪ್ಯೂಟರಿಗೆ ಭ್ರಮೆ.

“ಇದಕ್ಕೂ ಎಣ್ಣಿಗೂ ಸಂಬಂಧ ಇಲ್ರಿ,” ಎಂದು ಘೋಷಿಸಿ, ಪ್ಲಗ್ಗು ಕಿತ್ತು, ಹೊಸ ಸೆನ್ಸರ್ ಕೂರಿಸಿ, ಪ್ಲಗ್ಗು ಚುಚ್ಚಿದೆ. ಬ್ಯಾಟರಿಯ ತಂತಿ ಸ್ವಲ್ಪ ಹೊತ್ತು ಬಿಚ್ಚಿಟ್ಟು ಕಂಪ್ಯೂಟರಿನ ನೆನಪು ಅಳಿಸಿದೆ. ಇಂಜಿನ್ ಸಾಧು ಹಸುವಿನಂತೆ ಓಡಿತು. ಮಿಸ್ತ್ರಿ ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದರು. “ದೀಪದ ಕಡಿಂದ ಮಾತ ಆಡಸ್ತಿಯಲ್ಲೋ ತಮ್ಮಾ!” ಎಂದರು. ನಾನು ಉಬ್ಬಿದೆ.

ಆ ಉಬ್ಬು ಎರಡು ದಿನ ಬಾಳಿತು. ಮೂರನೆಯ ದಿನ ಡಾಕ್ಟರಬಾಯಿ ಫೋನ್ ಮಾಡಿದರು. “ನಿಮ್ಮ ದೀಪ ಹೊಳ್ಳಿ ಬಂದೈತ್ರಿ. ಇವತ್ತ ಮುಂಜಾನೆ ಮಲಪ್ರಭಾ ಸೇತುವಿ ಮ್ಯಾಲೆ ಇಂಜಿನ್ ಬಂದ್ ಬಿತ್ತು. ಹಿಂದಿನ ಸೀಟಿನ್ಯಾಗ ಬಸರಿ ಹೆಣ್ಣಮಗಳಿದ್ಲು. ನಾಕ ಮಂದಿ ನೂಕಿ ಚಾಲೂ ಮಾಡಿಕೊಟ್ರು.” ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮಾಲಕರು ಮತ್ತೆ ಜಾಬ್ ಕಾರ್ಡಿನ ಮಾತೆತ್ತಿದರು. ಕಾರನ್ನು ವಾಪಸ್ ತರಿಸು ಎಂದರು. ನಾನು ಒಂದು ಗಳಿಗೆ ಯೋಚಿಸಿದೆ. ಕಾರು ಬೆಳಗಾವಿಗೆ ಬರುವ ಹೊತ್ತಿಗೆ ಇಂಜಿನ್ ಕಾದಿರುತ್ತದೆ, ಅದರೊಟ್ಟಿಗೆ ಕಾಯಿಲೆಯೂ ಹಾರಿಹೋಗಿರುತ್ತದೆ. ಅದು ಕೆಡುವುದು ಖಾನಾಪುರದಲ್ಲಿ, ತಣ್ಣಗೆ ನಿಂತಾಗ, ಬೆಳಿಗ್ಗೆ. ಹಾಗಿದ್ದರೆ ನೋಡಬೇಕಾದ್ದೂ ಅಲ್ಲೇ. “ಕಾರ ಬರೂದು ಬ್ಯಾಡ್ರಿ, ನಾನ ಹೋಗ್ತೀನಿ,” ಎಂದೆ. ಮಾಲಕರು ಮುಖ ಸಿಂಡರಿಸಿದರು. ಒಂದು ದಿನದ ರಜೆ ಬರೆದುಕೊಟ್ಟು, ಮೀಟರು, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸು ಹತ್ತಿದೆ.

ಮಿಸ್ತ್ರಿಯವರ ಗ್ಯಾರೇಜು ರೈಲು ಸ್ಟೇಶನ್ನಿನ ದಾರಿಯಲ್ಲಿತ್ತು. ತಗಡಿನ ಮಾಡು, ಮಣ್ಣಿನ ನೆಲ. ಆದರೆ ನೆಲದ ಮೇಲೆ ಬಿದ್ದ ಒಂದು ನಟ್ಟು ಕಾಣಲಿಲ್ಲ. ಹಿಂದಿನ ಗೋಡೆಗೆ ಉದ್ದದ ಹಲಗೆ, ಅದರ ಮೇಲೆ ಸಾಲಾಗಿ ಹಳೆಯ ಫಿಲ್ಟರುಗಳು, ಸವೆದ ಬೇರಿಂಗುಗಳು, ಸೀಳಿದ ಬೆಲ್ಟುಗಳು, ಎಲ್ಲದಕ್ಕೂ ಚೀಟಿ. ಗಾಡಿ ಮುಂದಿನ ಸಲ ಬರುವತನಕ ಎಸೆಯುವುದಿಲ್ಲವಂತೆ.

“ಯಾಕ ಕಾಕಾ ಇಷ್ಟೆಲ್ಲಾ?” ಎಂದೆ.

“ನಮ್ಮಪ್ಪ ಮಂದಿ ಕುರಿ ಕಾಯಾವ. ಅಡವ್ಯಾಗ ಕುರಿ ಸತ್ತರ ಅದರ ಚರ್ಮಾ ತಂದು ಮಾಲಕನ ಮುಂದ ಹಾಸಬೇಕಿತ್ತು. ಇಲ್ಲಂದ್ರ ಮಾರಕೊಂಡ ಅಂತಿದ್ರು. ನಾನೂ ಮಂದಿ ಗಾಡಿ ಕಾಯಾವ. ಏನ ತಗದೇನಿ ಅದನ್ನ ತೋರಸಬೇಕು.”

ನನಗೆ ನಗು ಬಂತು. “ನನ್ನ ಹಂತ್ಯಾಕೂ ಒಂದ ಬಿಸ್ಕಿಟ್ ಡಬ್ಬಿ ಐತಿ ಕಾಕಾ. ಕೆಲಸ ಮುಗದ ಮ್ಯಾಲೆ ಉಳದದ್ದೆಲ್ಲಾ ಅದರಾಗ. ಯಾವುದು ಯಾವ ಗಾಡೀದು ದೇವರಿಗೇ ಗೊತ್ತು.”

ಮಿಸ್ತ್ರಿ ನಗಲಿಲ್ಲ. “ಹಂಗ ಇಡಬಾರದೋ ತಮ್ಮಾ,” ಎಂದಷ್ಟೇ ಹೇಳಿ, ಊಟಕ್ಕೆ ಕರೆದುಕೊಂಡು ಹೋದರು. ಡಾಕ್ಟರಬಾಯಿ ಆ ಸಂಜೆಯೇ ಕಾರನ್ನು ಗ್ಯಾರೇಜಿನ ಅಂಗಳದಲ್ಲಿ ಬಿಟ್ಟು ಹೋಗಿದ್ದರು. ಮಾಡಿನ ಕೆಳಗಲ್ಲ, ಅವರ ಮನೆಯ ಮುಂದೆ ನಿಲ್ಲುವ ಹಾಗೆಯೇ ಬಯಲಿನಲ್ಲಿ ನಿಲ್ಲಿಸಿ ಎಂದು ನಾನೇ ಹೇಳಿದ್ದೆ.

ಬೆಳಿಗ್ಗೆ ಎದ್ದಾಗ ಮಳೆ ನಿಂತಿತ್ತು. ಗಾಳಿಯಲ್ಲಿ ಎಷ್ಟು ತೇವ ಎಂದರೆ ಬಾನೆಟ್ ಮುಟ್ಟಿದರೆ ಅಂಗೈ ಒದ್ದೆ. ಚಾವಿ ತಿರುಗಿಸಿದೆ. ಇಂಜಿನ್ ಶುರುವಾಯಿತು, ಏರಿತು, ಇಳಿಯಿತು, ಮತ್ತೆ ಏರಿತು. ಹಳದಿ ದೀಪ ಹತ್ತಿತು. ಕಳ್ಳ ಕೈಗೆ ಸಿಕ್ಕಷ್ಟು ಖುಷಿಯಾಯಿತು ನನಗೆ.

ಇಂಜಿನ್ ಆರಿಸಿ, ಚಾವಿಯನ್ನು ಮಾತ್ರ ಆನ್ ಇಟ್ಟು, ಸೆನ್ಸರಿಗೆ ಹೋಗುವ ತಂತಿಗೆ ಮೀಟರ್ ಹಿಡಿದೆ. ಕಾಲು ತುಳಿಯದಿದ್ದಾಗ ಒಂದು ವೋಲ್ಟಿಗಿಂತ ಕಡಿಮೆ ಇರಬೇಕು, ಎರಡರ ಮೇಲಿತ್ತು. ಹೊಸ ಸೆನ್ಸರೂ ಕೆಟ್ಟಿತೇ? ಆಗ ಹೊಳೆದದ್ದು, ಮೊದಲ ದಿನವೇ ಹೊಳೆಯಬೇಕಾಗಿದ್ದದ್ದು. ಪ್ಲಗ್ಗು ಕಿತ್ತೆ. ಈಗ ಸೆನ್ಸರಿಗೂ ತಂತಿಗೂ ಸಂಪರ್ಕ ಇಲ್ಲ. ತಂತಿಯ ಕೊನೆಯ ಪ್ಲಗ್ಗಿನಲ್ಲಿ ಮೂರು ಕಡ್ಡಿಗಳು: ಒಂದರಲ್ಲಿ ಐದು ವೋಲ್ಟ್ ಬರುತ್ತದೆ, ಒಂದು ಅರ್ಥಿಂಗಿನದು, ಮತ್ತೊಂದು ಸುದ್ದಿ ಒಯ್ಯುವುದು. ಸುದ್ದಿ ಕೊಡುವವನೇ ಇಲ್ಲದ ಮೇಲೆ ಆ ಮೂರನೆಯದರಲ್ಲಿ ಏನೂ ಇರಬಾರದು. ಮೀಟರಿನಲ್ಲಿ ಒಂದೂವರೆ ವೋಲ್ಟ್ ತೋರಿಸುತ್ತಿತ್ತು. ಅಂದರೆ ತಪ್ಪು ಸೆನ್ಸರಿನದಲ್ಲ. ಪ್ಲಗ್ಗಿನೊಳಗೇ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಏನೋ ದಾಟುತ್ತಿತ್ತು. ಬೆಳಗಿನ ತೇವಕ್ಕೆ ಅದು ಹಸಿಯಾಗುತ್ತಿತ್ತು, ಇಂಜಿನ್ನಿನ ಬಿಸಿಗೆ ಒಣಗುತ್ತಿತ್ತು. ಬೆಳಗಾವಿಯಲ್ಲಿ ನಾನು ಈ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಕಿತ್ತಿದ್ದೆ, ಕೈಯಲ್ಲಿ ಹಿಡಿದು ಚುಚ್ಚಿದ್ದೆ, ಒಳಗೆ ಇಣುಕಿ ನೋಡಿರಲಿಲ್ಲ.

“ತಮ್ಮಾ, ಇಲ್ಲೆ ನೋಡು,” ಎಂದರು ಮಿಸ್ತ್ರಿ. ಅವರು ಮೀಟರ್ ನೋಡುತ್ತಿರಲಿಲ್ಲ, ತಂತಿ ನೋಡುತ್ತಿದ್ದರು. ಕರಿ ತಂತಿಯ ಗುಂಟ ಸಣ್ಣ ಕೆಂಪಿರುವೆಗಳ ಸಾಲು ಪ್ಲಗ್ಗಿನತ್ತ ಹೊರಟಿತ್ತು. “ಎಣ್ಣಿಗೆ ಇರುವಿ ಬರೂದಿಲ್ಲ, ಪೆಟ್ರೋಲಿಗೂ ಬರೂದಿಲ್ಲ.”

ನಾನು ಟಾರ್ಚ್ ಹಿಡಿದು ಪ್ಲಗ್ಗಿನೊಳಗೆ ಬೆಳಕು ಬಿಟ್ಟೆ. ಕಡ್ಡಿಗಳ ಬುಡದಲ್ಲಿ ಬೆಳ್ಳಗೆ ಅಂಟು, ಒಂದರ ಮೇಲೆ ಹಸಿರು ಕಿಲುಬು. ಮಿಸ್ತ್ರಿ ಸೂಜಿಯ ತುದಿಯಿಂದ ಕಾಳಿನಷ್ಟು ಕೆರೆದು ಬೆರಳ ಮೇಲೆ ಇಟ್ಟುಕೊಂಡು ಮೂಸಿದರು. ಹೋಗಿ ನೀರಿನ ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಕೂತರು.

“ಟೆಂಗಿನ ನೀರೋ ತಮ್ಮಾ,” ಎಂದರು ಕೊನೆಗೆ. “ಅಮಾಸಿ ದಿನಾ ಕಾಯಿ ಒಡದು ಇಂಜಿನ್ ಮ್ಯಾಲೆ ನೀರ ಚಿಮಕಿಸಿದಾವ ನಾನ. ಮೂವತ್ತ ವರ್ಷದಿಂದ ಪ್ರತಿ ಗಾಡಿಗೂ ಹಂಗ ಮಾಡೇನಿ. ಜೀಪಿಗೆ ಏನೂ ಆಗಿಲ್ಲ, ಲಾರಿಗೆ ಏನೂ ಆಗಿಲ್ಲ.”

ಜೀಪಿಗೆ ಕಂಪ್ಯೂಟರ್ ಇರಲಿಲ್ಲ ಎಂದು ನಾನು ಹೇಳಬೇಕಾಗಿರಲಿಲ್ಲ. ಅವರಿಗೆ ಆಗಲೇ ತಿಳಿದಿತ್ತು. ಮುಂದೆ ಅವರು ಮಾಡಿದ್ದನ್ನು ನಾನು ಇಂದಿಗೂ ನೆನೆಯುತ್ತೇನೆ. ಚಹಾ ಕುಡಿಯಲಿಲ್ಲ, ಯಾರನ್ನೂ ಕೇಳಲಿಲ್ಲ. ಕೈ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು, ನೇರವಾಗಿ ಡಾಕ್ಟರಬಾಯಿಯ ಮನೆಗೆ ಹೊರಟರು. ಬಾಗಿಲ ಹೊರಗೇ ನಿಂತು ಹೇಳಿದರು. “ಬಾಯಾರ, ಗಾಡಿ ಕೆಡಿಸಿದಾವ ನಾನ. ಎಣ್ಣಿಯಿಂದ ಅಲ್ಲ, ನನ್ನ ಪೂಜಿಯಿಂದ. ಸೇತುವಿ ಮ್ಯಾಲೆ ಗಾಡಿ ನಿಂತದ್ದೂ ನನ್ನಿಂದಾನ. ಈ ಹುಡುಗ ಬೆಳಗಾವ್ಯಾಗ ಹಂಗ ಬರೀತಾನ. ಇನ್ನ ನಿಮ್ಮ ಗಾಡಿ ಅಲ್ಲೇ ತೋರಸ್ರಿ.”

ನಾನು ಅವರ ಹಿಂದೆ ನಿಂತಿದ್ದೆ. ಆಗ ನಾನು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ.

ಏಕೆಂದರೆ ಪ್ಲಗ್ಗಿನೊಳಗೆ ಬೆಳಕು ಬಿಟ್ಟಾಗ ಮಿಸ್ತ್ರಿ ಕಾಣದ ಇನ್ನೊಂದನ್ನು ನಾನು ಕಂಡಿದ್ದೆ. ಪಕ್ಕದ ಪ್ಲಗ್ಗುಗಳ ಬಾಯಿಯಲ್ಲೆಲ್ಲ ಒಂದೊಂದು ಕೆಂಪು ರಬ್ಬರ್ ಬಳೆ ಇತ್ತು, ನೀರು ಒಳಗೆ ಹೋಗದಂತೆ ತಡೆಯುವುದು. ಈ ಪ್ಲಗ್ಗಿನಲ್ಲಿ ಬಳೆ ಇರಲಿಲ್ಲ. ಎಣ್ಣೆ ಬದಲಿಸುವವನು ಈ ಪ್ಲಗ್ಗು ಮುಟ್ಟಬೇಕಾಗಿಯೇ ಇಲ್ಲ. ಮುಟ್ಟಿದವನು ನಾನು. ಈ ಕಾರು ಹೊಸದಾಗಿದ್ದಾಗ ಮೊದಲ ಸರ್ವಿಸಿಗೆ ನಮ್ಮಲ್ಲಿಗೇ ಬಂದಿತ್ತು, ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದು ಡಾಕ್ಟರಬಾಯಿ ಹೇಳಿದ್ದರು. ಕೈ ಹೋಗಲು ಜಾಗ ಸಾಲದೆ ಆಗ ಈ ಪ್ಲಗ್ಗನ್ನು ಕಿತ್ತಿದ್ದೆ. ಬಳೆ ಇದ್ದಿದ್ದರೆ ಒಂದು ಕಾಯಿಯಲ್ಲ, ಹತ್ತು ಕಾಯಿಯ ನೀರು ಸುರಿದರೂ ದೀಪ ಹತ್ತುತ್ತಿರಲಿಲ್ಲ.

ಡಾಕ್ಟರಬಾಯಿಯಿಂದ ಸಿರಿಂಜು, ಹತ್ತಿ, ಸ್ಪಿರಿಟ್ಟು ಕೇಳಿ ತಂದೆ. ಮೊದಲು ಬ್ಯಾಟರಿಗೆ ಹಾಕುವ ನೀರಿನಿಂದ ಪ್ಲಗ್ಗು ತೊಳೆದು, ಆಮೇಲೆ ಸ್ಪಿರಿಟ್ಟು ಚಿಮ್ಮಿಸಿ, ಕಿಲುಬು ಉಜ್ಜಿ, ಬಲ್ಬಿನ ಕಾವಿಗೆ ಒಣಗಿಸಿದೆ. ಮೀಟರ್ ಸೊನ್ನೆಗೆ ಇಳಿಯಿತು. ಮಿಸ್ತ್ರಿ ದೀಪ ಹಿಡಿದು ನಿಂತಿದ್ದರು, ತಮ್ಮದೇ ತಪ್ಪಿನ ಮೇಲೆ ಬೆಳಕು ಬಿಡುತ್ತ, ಕೈ ಅಲುಗದ ಹಾಗೆ. ನಾನು ಅವರ ಮುಖ ನೋಡಲಾರದೆ, “ಒಂದ ಸಾಮಾನ ತರೂದೈತಿ ಕಾಕಾ,” ಎಂದು ಬೆಳಗಾವಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮನಸ್ಸು ನಾನಾ ಉಪಾಯ ಹೇಳಿತು. ಒಂದು ಬಳೆ ತಂದು ಸುಮ್ಮನೆ ಕೂರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ತಪ್ಪನ್ನು ಒಬ್ಬರು ಆಗಲೇ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಮಾಲಕರಿಗೂ ಅದೇ ಬೇಕಾಗಿತ್ತು. ವರ್ಕ್‌ಶಾಪಿಗೆ ಹೋಗಿ ಬಿಸ್ಕಿಟ್ ಡಬ್ಬಿಯನ್ನು ಬೆಂಚಿನ ಮೇಲೆ ಸುರಿದೆ. ನಟ್ಟು, ಕ್ಲಿಪ್ಪು, ಸ್ಪ್ರಿಂಗುಗಳ ನಡುವೆ ಅದು ಇತ್ತು: ಉಂಗುರದಷ್ಟು ಅಗಲದ ಕೆಂಪು ರಬ್ಬರ್ ಬಳೆ. ಬಿದ್ದದ್ದನ್ನು ಎತ್ತಿ, ಯಾವುದರದೋ ಇರಬೇಕೆಂದು ಡಬ್ಬಿಗೆ ಎಸೆದವನು ನಾನೇ. ಕಪಾಟಿನಿಂದ ಮೊದಲ ಸರ್ವಿಸಿನ ಕಾರ್ಡ್ ತೆಗೆದರೆ “ಕೇಬಲ್ ಸರಿಪಡಿಸಿದೆ” ಎಂದು ನನ್ನದೇ ಅಕ್ಷರ.

ಕುರಿಕಾಯುವವನ ಮಗ ಚರ್ಮ ತಂದು ಹಾಸಿದ್ದ. ಪುಣೆಯ ಕಾಗದದವನು ಕುರಿಯನ್ನೇ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮಧ್ಯಾಹ್ನದ ಬಸ್ಸಿಗೆ ಮತ್ತೆ ಖಾನಾಪುರಕ್ಕೆ ಹೋದೆ.

ಡಾಕ್ಟರಬಾಯಿಯನ್ನೂ ಗ್ಯಾರೇಜಿಗೆ ಕರೆಸಿ, ಇಬ್ಬರ ಮುಂದೆ ಬಳೆಯನ್ನು ಅಂಗೈ ಮೇಲಿಟ್ಟು, ಇದ್ದದ್ದು ಇದ್ದಂತೆ ಹೇಳಿದೆ. ಮಿಸ್ತ್ರಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು. “ಇಷ್ಟ ಸಣ್ಣದೇನು?” ಎಂದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. “ಇದ್ರೂ ನಾ ನೀರ ಚೆಲ್ಲಬಾರದಾಗಿತ್ತೋ. ಹೊಸಾ ಗಾಡಿ, ಮೊದಲ ಕೇಳಬೇಕಾಗಿತ್ತು.”

“ಇಲ್ಲ ಕಾಕಾ, ಇದಿದ್ರ ನೀರ ಒಳಗ ಹೋಗತಿರಲಿಲ್ಲ. ತಪ್ಪು ನಂದು.”

“ನೀರ ಬರದಿದ್ರ ಇದು ಇಲ್ಲದ್ದೂ ಗೊತ್ತಾಗತಿರಲಿಲ್ಲಲ್ಲೋ.”

ಡಾಕ್ಟರಬಾಯಿ ನಕ್ಕುಬಿಟ್ಟರು. “ಮುಗಸ್ರಿ ನಿಮ್ಮ ಜಗಳಾ! ತಪ್ಪು ನಂದಲ್ಲ ಅಂತ ಬಡದಾಡೂದು ದಿನಾ ನೋಡೇನಿ. ನಂದು ನಂದು ಅಂತ ಬಡದಾಡೂದು ಇವತ್ತ ನೋಡಿದೆ. ಮೊದಲ ಆ ಬಳಿ ಹಾಕ್ರಿ.”

ಬಳೆ ಕೂರಿಸಿ ಪ್ಲಗ್ಗು ಒತ್ತಿದೆ. ಅದು ಟಕ್ಕೆಂದು ಕೂತ ಸದ್ದು ಬೇರೆಯೇ ಇತ್ತು. ಮುಂದೆ ಮೂರು ಬೆಳಿಗ್ಗೆ ಮಿಸ್ತ್ರಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು, ಮೂರು ದಿನವೂ ಒಂದೇ ಮಾತು, “ದೀಪ ಹತ್ತಿಲ್ಲ ತಮ್ಮಾ.” ನಾಲ್ಕನೆಯ ದಿನ ನಾನು ಜಾಬ್ ಕಾರ್ಡ್ ತುಂಬಿದೆ: ಮೊದಲ ಸರ್ವಿಸಿನಲ್ಲಿ ನಮ್ಮಲ್ಲಿ ರಬ್ಬರ್ ಬಳೆ ಬಿಟ್ಟುಹೋಗಿತ್ತು, ಪೂಜೆಯ ನೀರು ಒಳಸೇರಿತ್ತು, ಎಣ್ಣೆ ಬದಲಿಯಲ್ಲಿ ದೋಷವಿಲ್ಲ. ಮಾಲಕರು ಓದಿ, “ನಮ್ಮ ಹೆಸರು ನೀನ ಕೆಡಸಾಕ ಹೊಂಟೀಯೇನು?” ಎಂದು ಕೂಗಿದರು. ಹರಿದು ಬೇರೆ ಬರೆ ಎಂದರು. ನಾನು ಬರೆಯಲಿಲ್ಲ. ಎರಡು ವಾರ ನನ್ನ ಜೊತೆ ಅವರು ಮಾತು ಬಿಟ್ಟರು. ಡಬ್ಬಿಯನ್ನು ನಾನು ಖಾಲಿ ಮಾಡಿ, ಚೀಟಿ ಮತ್ತು ಅಂಟು ಇಡಲು ಬಳಸತೊಡಗಿದೆ.

ಆದರೂ ಖಾನಾಪುರದಲ್ಲಿ ಸುದ್ದಿ ಅರ್ಧವೇ ಹಬ್ಬಿತ್ತು: ಮಿಸ್ತ್ರಿ ಕಾಯಿ ಒಡೆದು ಡಾಕ್ಟರಬಾಯಿಯ ಕಾರು ಕೆಡಿಸಿದರಂತೆ. ಎರಡೋ ಮೂರೋ ತಿಂಗಳು ಹೊಸ ಗಾಡಿ ಒಂದೂ ಅವರ ಅಂಗಳಕ್ಕೆ ಬರಲಿಲ್ಲ. ಮತ್ತೆ ಎಣ್ಣೆ ಬದಲಿಸುವ ಹೊತ್ತು ಬಂದಾಗ ಡಾಕ್ಟರಬಾಯಿ ನನಗೆ ಫೋನ್ ಮಾಡಿದರು. ವರ್ಕ್‌ಶಾಪಿಗೆ ಬರುತ್ತಾರೆಂದು ತಿಳಿದು ದಿನ ಯಾವುದೆಂದು ಕೇಳಿದೆ. “ನಾ ಬರೂದಿಲ್ಲ, ನೀವ ಬರ್ರಿ. ಅಮಾಸಿ ದಿನಾ, ಮಿಸ್ತ್ರಿಯವರ ಅಂಗಳಕ್ಕ,” ಎಂದರು.

ಹೋದೆ. ಸಂತೆಯ ಜನ ಓಡಾಡುವ ಹೊತ್ತು. ಡಾಕ್ಟರಬಾಯಿ ಎಲ್ಲರಿಗೂ ಕಾಣುವ ಹಾಗೆ ಕಾರನ್ನು ಗ್ಯಾರೇಜಿನ ಬಾಗಿಲಿಗೇ ನಿಲ್ಲಿಸಿ, ಚಾವಿಯನ್ನು ಮಿಸ್ತ್ರಿಯವರ ಕೈಯಲ್ಲಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತರು. ಮಿಸ್ತ್ರಿ ಎಣ್ಣೆ ಇಳಿಸಿದರು, ಫಿಲ್ಟರ್ ಬದಲಿಸಿದರು, ಹಳೆಯದಕ್ಕೆ ಚೀಟಿ ಅಂಟಿಸಿದರು. ಅಳತೆಕಡ್ಡಿ ಒರೆಸಿ ನೋಡಿ ನನಗೂ ತೋರಿಸಿದರು. ಆಮೇಲೆ ಕೈ ಒರೆಸಿಕೊಂಡು ಸುಮ್ಮನೆ ನಿಂತರು.

“ಕಾಯಿ ಎಲ್ಲೈತ್ರಿ?” ಎಂದರು ಡಾಕ್ಟರಬಾಯಿ.

“ಬ್ಯಾಡ್ರಿ ಬಾಯಾರ. ಬಿಟ್ಟೇನಿ.”

“ನಾ ತಂದೇನಿ,” ಎಂದು ಅವರು ಕೈಚೀಲದಿಂದ ತೆಂಗಿನಕಾಯಿ ತೆಗೆದು ಮುಂದೆ ಹಿಡಿದರು. ಮಿಸ್ತ್ರಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು ನನ್ನ ಮುಖ ನೋಡಿದರು. ನಾನು ಬಾನೆಟ್ ಇಳಿಸಿ ಮುಚ್ಚಿದೆ. ಅವರು ಬಂದು ಅದರ ಮೇಲೆ ಅಂಗೈ ಊರಿ ಒಮ್ಮೆ ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಮುಂದಿನ ಗಾಲಿಯ ಬಳಿ ಕಲ್ಲಿಗೆ ಕಾಯಿ ಒಡೆದರು. ನೀರೆಲ್ಲ ಮಣ್ಣಿಗೆ ಹೋಯಿತು.